ಮಿರ್ಚಿ ಆಸೆಗೆ ತೆಗೆದ ದನಿ

ಮೊದಲೇ ಒಪ್ಪಿಬಿಡುತ್ತೇನೆ. ಮಸ್ಕಿ ಹಳ್ಳದಲ್ಲಿ ಮೋಟಾರು ಮಗ್ಗುಲಾದದ್ದು ನನ್ನಿಂದ. ಮಳೆಯಿಂದಲ್ಲ, ಡ್ರೈವರನಿಂದಲ್ಲ, ಹಳ್ಳ ಕಾಯುವ ಮುದುಕನಿಂದಂತೂ ಅಲ್ಲವೇ ಅಲ್ಲ. ನಾಲ್ಕು ಮಿರ್ಚಿ, ಒಂದು ತಟ್ಟೆ ಮಂಡಕ್ಕಿಯ ಮಂಡಾಳ ಒಗ್ಗರಣಿ, ಇಷ್ಟಕ್ಕೆ ಆಸೆಪಟ್ಟು ಒಂದು ಮೋಟಾರು ತುಂಬ ಜನರನ್ನು ಕೆಂಪು ನೀರಿಗೆ ಇಳಿಸಿದವನು ನಾನು. ಇಷ್ಟು ಹೇಳುವುದಕ್ಕೆ ನನಗೆ ಐದು ವಾರ ಬೇಕಾದವು. ಮೋಟಾರು ಕೆಡವಿದ್ದು ಹುಡುಗಾಟ ಅಂತ ಯಾರಾದರೂ ಬಿಟ್ಟಾರು. ಆ ಐದು ವಾರಕ್ಕೆ ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ನಮ್ಮ ಮನೆ ಸಿಂಧನೂರಿನಲ್ಲಿ, ಅನ್ನ ಲಿಂಗಸುಗೂರಿನಲ್ಲಿ. ಅಲ್ಲಿಯ ಕಚೇರಿಯೊಂದರಲ್ಲಿ ಉರ್ದು ಕಾಗದಗಳ ನಕಲು ತೆಗೆಯುವ ಗುಮಾಸ್ತನಾಗಿದ್ದೆ. ನಿಜಾಮ ಸರಕಾರದಲ್ಲಿ ವಾರದ ರಜೆ ಶುಕ್ರವಾರ. ಗುರುವಾರ ಸಂಜೆಯ ಮೋಟಾರಿಗೆ ಸಿಂಧನೂರಿಗೆ ಬಂದು, ಅವ್ವನ ಕೈಯ ರೊಟ್ಟಿ ತಿಂದು, ಅವಳ ಬಾಯಿಯ ಬೈಗುಳವನ್ನೂ ತಿಂದು, ಶನಿವಾರ ಬೆಳಿಗ್ಗೆಯ ಮೋಟಾರಿಗೆ ಮತ್ತೆ ಲಿಂಗಸುಗೂರಿಗೆ ಹೊರಡಬೇಕು. ನಡುವೆ ಮಸ್ಕಿ ಸಿಗುತ್ತದೆ. ಮಸ್ಕಿಗಿಂತ ಮೊದಲು ಹಳ್ಳ ಸಿಗುತ್ತದೆ. ಬೇಸಿಗೆಯಲ್ಲಿ ಅದು ಹಳ್ಳ ಅಂತ ಯಾರೂ ನಂಬುವುದಿಲ್ಲ, ಉಸುಕಿನ ಮೇಲೆ ಕತ್ತೆಗಳು ಮಲಗಿರುತ್ತವೆ. ಮಳೆ ಹಿಡಿದರೆ ಮಾತ್ರ ಅದಕ್ಕೆ ತನ್ನ ಹೆಸರು ನೆನಪಾಗುತ್ತದೆ.

ನಕಲು ತೆಗೆಯುವ ಚಟ ಕಚೇರಿಯ ಬಾಗಿಲಲ್ಲೇ ನಿಂತಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾನು ಮನುಷ್ಯರ ನಕಲನ್ನೂ ತೆಗೆಯುತ್ತಿದ್ದೆ. ನಮ್ಮ ಕಚೇರಿಯ ಮೇಲಧಿಕಾರಿ ಪೇಷ್ಕಾರರು ಸಿಟ್ಟು ಬಂದಾಗ ಮೊದಲು ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ, ಆಮೇಲೆ ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಕಡೆಗೆ ನಮ್ಮನ್ನು ಸರಿ ಮಾಡುತ್ತಾರೆ. ಈ ಮೂರನ್ನೂ ನಾನು ಮೋಟಾರಿನ ಹಿಂದಿನ ಹಲಗೆಯ ಮೇಲೆ ಕುಳಿತು ಮಾಡಿ ತೋರಿಸಿದರೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಅವ್ವ ದೇವರಿಗೆ ಕೈಮುಗಿಯುತ್ತ ನಡುವೆಯೇ ಬೆಕ್ಕನ್ನು ಬೈಯುವುದು, ಪೇಷ್ಕಾರರ ಮುಂದೆ 'ಜೀ ಹುಜೂರ್' ಎನ್ನುವಾಗ ನನ್ನದೇ ಕುತ್ತಿಗೆ ಆಮೆಯ ಹಾಗೆ ಅಂಗಿಯೊಳಗೆ ಹೋಗುವುದು, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ನನಗೆ ಹೆಣ್ಣು ನೋಡಲು ಹೋಗಿದ್ದಾಗ ಹುಡುಗಿಯ ಅಪ್ಪ ನನ್ನ ಸಂಬಳ ಕೇಳಲಿಲ್ಲ, ಜಾತಕ ಕೇಳಲಿಲ್ಲ. "ವರ ಮನ್ಯಾಗ ಯಾರ ದನಿಲೆ ಮಾತಾಡ್ತಾನ?" ಎಂದು ಕೇಳಿದ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅವನ ಆ ಪ್ರಶ್ನೆಯನ್ನೂ ನಾನು ಅವನದೇ ದನಿಯಲ್ಲಿ ಮೋಟಾರಿನ ಮಂದಿಗೆ ಕೇಳಿಸಿದ್ದೆ.

ಮೋಟಾರು ಓಡಿಸುತ್ತಿದ್ದವನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಅವನೂ ಅವನ ಮೋಟಾರೂ ಒಂದೇ ತರಹ ಕೆಮ್ಮುತ್ತಿದ್ದರು. ಯುದ್ಧ ನಡೆದಿದ್ದ ಕಾಲ, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಮೋಟಾರಿನ ಬೆನ್ನಿಗೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಗ್ಯಾಸಿನಿಂದ ಓಡಿಸಬೇಕಿತ್ತು. ಇಳಿಜಾರಿನಲ್ಲಿ ಅದು ಕುದುರೆ, ಸಮನೆಲದಲ್ಲಿ ಎಮ್ಮೆ, ಏರು ಕಂಡರೆ ಮೊಂಡು ಕತ್ತೆ. ಏರಿನಲ್ಲಿ ನಿಂತಿತೆಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಮಳೆಗಾಲದಲ್ಲಿ ಎರಡೂ ಬದಿಗೆ ತಾಡಪಾಲು ಇಳಿಬಿಡುತ್ತಿದ್ದರು. ಒಳಗೆ ತೊಯ್ದ ಕಂಬಳಿ, ಕೋಳಿ, ಬೀಡಿ, ಇದ್ದಿಲು, ಎಲ್ಲದರ ವಾಸನೆ ಕೂಡಿ ಕಣ್ಣು ಉರಿಯುತ್ತಿತ್ತು. ಉರಿಯುವ ಕಣ್ಣಿನವರನ್ನು ನಗಿಸಿದರೆ ನೀರು ಬೇಗ ಬರುತ್ತದೆ. ನನಗೆ ಹೊಗಳಿಕೆಯೆಂದರೆ ಆ ನೀರು.

"ಏ ಮುನ್ಷಿ, ನಿನ್ನ ಸ್ವಂತ ದನಿ ಯಾವ್ದೋ?" ಎಂದು ಚಾಚಾ ಮುಂದಿನಿಂದಲೇ ಕೇಳುತ್ತಿದ್ದ. ಗುಮಾಸ್ತನೆಂದು ಮೋಟಾರಿನಲ್ಲಿ ನನ್ನ ಹೆಸರೇ ಮುನ್ಷಿ.

"ಅದನ್ನ ಕಚೇರ್ಯಾಗ ಜಮಾ ಮಾಡೀನಿ ಚಾಚಾ, ಪೆನ್ಶನ್ ಆದ ಮ್ಯಾಲ ವಾಪಸ್ ಕೊಡ್ತಾರ."

ಹಳ್ಳಕ್ಕೆ ಆಗ ಸೇತುವೆ ಇರಲಿಲ್ಲ. ರಸ್ತೆ ಇಳಿದು ನೀರಿನೊಳಗೆ ಹೋಗುತ್ತಿತ್ತು. ನೀರಿನ ಅಡಿಯಲ್ಲಿ ಹಾಸುಗಲ್ಲು, ಆಚೆ ಮತ್ತೆ ಏರು. ನಡುವೆ ಎಲ್ಲಾದರೂ ನಿಂತರೆ ಇದ್ದಿಲ ಮೋಟಾರು ಆ ಏರು ಹತ್ತುವ ಮಾತೇ ಇಲ್ಲ. ಆದ್ದರಿಂದ ಈಚೆ ದಂಡೆಯ ದಿಬ್ಬದ ಮೇಲೆ, ಬೇವಿನ ಗಿಡದ ಹತ್ತಿರ ನಿಂತು, ಅಲ್ಲಿಂದ ಒಂದೇ ಉಸಿರಿಗೆ ಓಡಿಸಿಕೊಂಡು ಹೋಗಿ ಆಚೆ ದಂಡೆ ಹತ್ತಿಸಬೇಕು. ಒಮ್ಮೆ ಬಿಟ್ಟರೆ ನಿಲ್ಲಿಸುವ ಹಾಗಿಲ್ಲ. ತೊಡಕೇನೆಂದರೆ ಆ ದಿಬ್ಬದಿಂದ ನೀರು ಕಾಣುವುದಿಲ್ಲ. ರಸ್ತೆ ಹೊರಳುತ್ತದೆ, ಹೊರಳಿದ ಕಡೆ ಜಾಲಿಯ ಪೊದೆ. ಹೀಗಾಗಿ ಮೋಟಾರಿನವರು, ಗಾಡಿಯವರು, ಎಲ್ಲರೂ ಹಳ್ಳ ದಾಟುತ್ತಿದ್ದುದು ಕಿವಿಯಿಂದ.

ಕೂಗುವವನು ಒಬ್ಬ ಮುದುಕ. ಮುತ್ಯಾ ಎಂದೇ ಎಲ್ಲರ ಬಾಯಲ್ಲಿ. ನನಗೆ ಬುದ್ಧಿ ಬಂದಾಗಿನಿಂದ ಅವನು ಮುದುಕನೇ. ನೀರು ಬಂದಾಗ ಕೋಲು ಹಿಡಿದು ಇಳಿಯುತ್ತಿದ್ದ. ಹಾಸುಗಲ್ಲಿನ ಅಂಚು ತಡವಿ, ಎಲ್ಲಿ ಕಲ್ಲು ಕಿತ್ತಿದೆ, ಎಲ್ಲಿ ಉಸುಕು ಕೂತಿದೆ ಎಂದು ನೋಡಿ, ಆ ದಂಡೆಯಿಂದ ಈ ದಂಡೆಗೆ ಬಂದು, ನಡುವೆ ನಿಂತು ಕೂಗುತ್ತಿದ್ದ: "ಗಾಲಿ ಬರ್ಲಿ." ಮೋಟಾರು ಬರಲಿ ಅಂತಲ್ಲ, ಗಾಡಿ ಬರಲಿ ಅಂತಲ್ಲ. ಸಾಹೇಬರ ಕಾರು ಇರಲಿ, ತಿಪ್ಪೆಗೊಬ್ಬರದ ಬಂಡಿ ಇರಲಿ, ಅವನಿಗೆ ಎಲ್ಲ ಗಾಲಿ. ಒಂದು ಸಲ ಕೂಗಿದರೆ ಎದ್ದು ಕೂಡ್ರಿ ಅಂತ ಅರ್ಥ. ಎರಡನೆಯದಕ್ಕೆ ಸಾಮಾನು ಬಿಗಿದುಕೊಳ್ಳಬೇಕು. ಮೂರನೆಯದು ಕೇಳಿದ ಮೇಲೆಯೇ ಎತ್ತಿನ ಹಗ್ಗ ಸಡಿಲ ಬಿಡುವುದು, ಮೋಟಾರು ಬಿಡುವುದು. ಮಳೆಗಾಲದಲ್ಲಿ ಮೋಟಾರು ಮಾಲಕರೂ ಊರ ಗಾಡಿಯವರೂ ಅವನ ಮನೆಗೆ ಜೋಳ ಕೊಡುತ್ತಿದ್ದರು. ಅವನ ಕೂಗು ಕೇಳಿ ಇಳಿದ ಒಂದು ಕರುವೂ ನೀರು ಪಾಲಾಗಿಲ್ಲ ಎಂಬುದು ಮಸ್ಕಿಯಲ್ಲಿ ಎಲ್ಲರೂ ಹೇಳುವ ಮಾತು. ಅವನು ತಾನಾಗಿ ಅದನ್ನು ಹೇಳಿದ್ದು ನಾನು ಕೇಳಿಲ್ಲ.

ಆ ಕೂಗು ನನ್ನ ಕಿವಿಗೆ ಅಂಟಿಕೊಂಡಿತ್ತು. ಮೊದಲನೆಯದು ಹೊಟ್ಟೆಯಿಂದ, ಎರಡನೆಯದು ಮೂಗಿನಿಂದ, ಮೂರನೆಯದು ಉದ್ದ ಹೋಗಿ ಕಡೆಗೆ ಮೇಲಕ್ಕೆ ಬಾಗುತ್ತಿತ್ತು. ಆ ಬಾಗು ನನಗೆ ಸಿಗಲು ಒಂದು ಪೂರ್ತಿ ಮಳೆಗಾಲ ಹಿಡಿಯಿತು. ಲಿಂಗಸುಗೂರಿನ ನನ್ನ ಬಾಡಿಗೆ ಕೋಣೆಯ ಮಾಳಿಗೆಯ ಮೇಲೆ ನಿಂತು ಸಾಧನೆ ಮಾಡುತ್ತಿದ್ದೆ. ಕೆಳಗಿನ ಮನೆಯೊಡತಿ ಒಂದು ದಿನ ಮೆಟ್ಟಿಲ ಹತ್ತಿರ ನಿಂತು, "ಎಮ್ಮಿ ಗಿಮ್ಮಿ ಕಳ್ಕೊಂಡೀರೇನ್ರೀ?" ಎಂದು ಕೇಳಿದಳು. ಕಡೆಗೂ ದನಿ ಕೂತಿತು. ಆದರೆ ಯಾರ ಮುಂದೆಯೂ ತೆಗೆಯಲಿಲ್ಲ. ಒಳ್ಳೆಯ ಅಂಗಿಯನ್ನು ಹಬ್ಬಕ್ಕೆ ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡಿದ್ದೆ.

ಇನ್ನು ಮಿರ್ಚಿ. ಹಳ್ಳದ ಮಸ್ಕಿ ಕಡೆಯ ದಂಡೆಯಲ್ಲಿ ಗರಿಯ ಚಪ್ಪರದ ಕೆಳಗೆ ಮುತ್ಯಾನ ಮಗಳು ಒಲೆ ಹೂಡಿದ್ದಳು. ಅವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಉದ್ದನೆಯ ಹಸಿ ಮೆಣಸಿನಕಾಯಿ ಸೀಳಿ, ಒಳಗೆ ಉಪ್ಪು ಅಜವಾನ ಸವರಿ, ಕಡಲೆ ಹಿಟ್ಟಿನಲ್ಲಿ ಅದ್ದಿ, ಕುಸುಬಿ ಎಣ್ಣೆಯಲ್ಲಿ ಬಿಡುತ್ತಿದ್ದಳು. ಮೊದಲ ಕಡಿತಕ್ಕೆ ಕಿವಿ ಬಿಸಿಯಾಗಬೇಕು, ಎರಡನೆಯದಕ್ಕೆ ಮೂಗು ಸೋರಬೇಕು, ಆಗ ಮಂಡಾಳ ಒಗ್ಗರಣಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಸಮಾಧಾನ ಮಾಡಿಕೊಳ್ಳಬೇಕು. ಲಿಂಗಸುಗೂರಿನ ಖಾನಾವಳಿಯ ನೀರು ಸಾರು ಉಣ್ಣುತ್ತ ನಾನು ವಾರವಿಡೀ ಶನಿವಾರದ ದಾರಿ ಕಾಯುತ್ತಿದ್ದುದು ಇದಕ್ಕೇ. ಯುದ್ಧದ ಕಾಲದಲ್ಲಿ ಹಿಟ್ಟು ಎಣ್ಣೆ ಸಿಗುವುದೇ ಕಷ್ಟ, ಅಕ್ಕ ಒಂದೇ ಬೋಗುಣಿ ಹಿಟ್ಟು ಕಲಸುತ್ತಿದ್ದಳು. ಮೋಟಾರು ಹೊತ್ತಿಗೆ ಸರಿಯಾಗಿ ದಾಟಿದರೆ ನಮಗೆ. ತಡವಾದರೆ ಆಚೆ ನಿಂತ ಗಾಡಿಯವರು ಬೋಗುಣಿ ಬರಿದು ಮಾಡುತ್ತಿದ್ದರು.

ಆ ಶನಿವಾರ ಉತ್ತರಿ ಮಳೆ. ಸಿಂಧನೂರು ಬಿಡುವಾಗಲೇ ಹನಿ ಶುರುವಾಗಿತ್ತು. ಅವ್ವ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿ ತೊಡೆಯ ಮೇಲೆ ಇಟ್ಟಿದ್ದಳು. ಅದನ್ನು ಬಿಚ್ಚಿದ್ದರೆ ಹೊಟ್ಟೆ ತುಂಬುತ್ತಿತ್ತು. ಬಿಚ್ಚಲಿಲ್ಲ. ಮಿರ್ಚಿಗೆ ಜಾಗ ಇರಬೇಕಲ್ಲ. ದಿಬ್ಬದ ಮೇಲೆ ಬೇವಿನ ಗಿಡದ ಕೆಳಗೆ ಬಂದು ನಿಂತೆವು. ಮಳೆ ನಿಂತಿತು, ಮೋಟಾರು ಮಾತ್ರ ನಿಂತೇ ಇತ್ತು. ಕೂಗು ಬರಲಿಲ್ಲ. ಚಾಚಾ ಎರಡು ಸಲ ಇದ್ದಿಲು ಹಾಕಿ ಬೆಂಕಿ ಕಾಯ್ದುಕೊಂಡ.

"ಮುನ್ಷಿ, ಏನರ ತೆಗೀಯಪ, ಹೊತ್ತು ಹೋಗಲಿ," ಎಂದ ಜೋಳದ ಚೀಲದ ಮೇಲೆ ಕುಳಿತವನೊಬ್ಬ.

ಪೇಷ್ಕಾರರನ್ನು ತೆಗೆದೆ. ನಕ್ಕರು. ಅವ್ವನನ್ನು ತೆಗೆದೆ. ಕಡಿಮೆ ನಕ್ಕರು. ಕೂಸನ್ನು ಎತ್ತಿಕೊಂಡು ಕುಳಿತಿದ್ದ ಹೆಂಗಸೊಬ್ಬಳು, "ಇದು ಹ್ವಾದ ವಾರಾನೂ ಮಾಡಿದ್ರಿ," ಎಂದಳು.

ಅಷ್ಟರಲ್ಲಿ ಗಾಳಿ ತಿರುಗಿತು. ಆಚೆ ದಂಡೆಯಿಂದ ಕುಸುಬಿ ಎಣ್ಣೆಯ ವಾಸನೆ ತಾಡಪಾಲಿನ ಸಂದಿಯಿಂದ ಒಳಗೆ ಬಂತು. ಚಾಚಾ ಕೆಮ್ಮಿ ಹೇಳಿದ: "ಇನ್ನ ಅರ್ಧ ತಾಸು ನೋಡ್ತೀನಿ. ಮುತ್ಯಾ ಕೂಗ್ಲಿಲ್ಲಂದ್ರ ವಾಪಸ್ ಸಿಂಧನೂರು."

ಒಂದಕ್ಕೆ ಹೋಗಿಬರುತ್ತೇನೆಂದು ಇಳಿದೆ. ಜಾಲಿ ಪೊದೆಯ ಹಿಂದಿನಿಂದ ಹಳ್ಳ ಕಾಣುತ್ತಿತ್ತು. ನೀರಿನ ಮಟ್ಟ ಇಳಿದ ಹಾಗೇ ನನ್ನ ಕಣ್ಣಿಗೆ ಕಂಡಿತು. ಹಸಿದವನ ಕಣ್ಣು ಅದು. ಮುತ್ಯಾ ಆಚೆ ದಂಡೆಯಲ್ಲಿ ಬೆದರಿದ ಎತ್ತೊಂದನ್ನು ಹಿಡಿದು ನಿಂತಿದ್ದ. ಚಪ್ಪರದಿಂದ ಹೊಗೆ ಏಳುತ್ತಿತ್ತು. ಈಗ ಆ ದನಿ ತೆಗೆದರೆ ಚಾಚಾ ಬೆಚ್ಚಿ ಬೀಳುತ್ತಾನೆ, ನಾನು ಪೊದೆಯಿಂದ ಹೊರಗೆ ಬಂದು ಸಲಾಮು ಹೊಡೆಯುತ್ತೇನೆ, ಆ ಕೂಸಿನ ತಾಯಿಯೂ ನಗುತ್ತಾಳೆ, ಮುದುಕನೂ ಕೇಳಿ ಜಲ್ದಿ ಮಾಡುತ್ತಾನೆ. ಇದು ನನ್ನ ಎಣಿಕೆ. ಕೈ ಬಾಯಿಯ ಹತ್ತಿರ ಇಟ್ಟುಕೊಂಡು ಕೂಗಿದೆ. ಹೊಟ್ಟೆಯಿಂದ ಒಂದು. ಮೂಗಿನಿಂದ ಒಂದು. ಮೂರನೆಯದು, ಬಾಗಿನ ಸಮೇತ.

ಆ ಬಾಗು ಮುಗಿಯುವ ಮೊದಲೇ ಮೋಟಾರು ಹೊರಟಿತು.

ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಒಂದು ಗಳಿಗೆ ನಾನೇ ಹಿಗ್ಗಿದೆ. ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಓಡಿದೆ. "ನಿಲ್ಸು ಚಾಚಾ, ನಾನು ಕೂಗಿದ್ದು, ನಾನು," ಎಂದು ಅರಚಿದೆ. ಅದು ನನ್ನ ಸ್ವಂತ ದನಿ. ಆ ಮೋಟಾರಿನಲ್ಲಿ ಅದಕ್ಕೆ ಎಂದೂ ಬೆಲೆ ಇರಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಚಾಚಾನಿಗೆ ನಾನು ಕೈ ಬೀಸುವುದಷ್ಟೇ ಕಂಡಿತು. "ಹಿಂದ ಹತ್ತು, ಹಿಂದ ಹತ್ತು," ಎನ್ನುತ್ತ ಹೋಗಿಯೇ ಬಿಟ್ಟ. ಹಿಂದಿನ ಏಣಿಗೆ ಜೋತುಬಿದ್ದೆ.

ನಡುವೆ ಹಾಸುಗಲ್ಲು ಕಿತ್ತಿತ್ತು. ಎಡಗಾಲಿ ಅದರಲ್ಲಿ ಇಳಿಯಿತು, ಮೋಟಾರು ಎಮ್ಮೆ ಮಲಗುವ ಹಾಗೆ ನಿಧಾನ ವಾಲಿತು. ಬೆಂಕಿಯ ಪೀಪಾಯಿಗೆ ನೀರು ನುಗ್ಗಿ ಸುಯ್ಯೆಂದು ಆವಿ ಎದ್ದಿತು. ಒಳಗಿನಿಂದ ಬಂದ ಚೀರಾಟವನ್ನು ನಾನು ಇವತ್ತಿನವರೆಗೂ ಯಾರಿಗೂ ಮಾಡಿ ತೋರಿಸಿಲ್ಲ.

ಮುತ್ಯಾ ಎತ್ತು ಬಿಟ್ಟು ನೀರಿಗೆ ಹಾರಿ ಬಂದ. ಮೊದಲು ಕೂಸನ್ನು, ಆಮೇಲೆ ಅದರ ತಾಯಿಯನ್ನು, ಆಮೇಲೆ ಉಳಿದ ಹೆಂಗಸರನ್ನು ಆಚೆ ದಂಡೆಗೆ ಮುಟ್ಟಿಸಿದ. ಆಚೆಯ ಗಾಡಿಯವರು ಹಗ್ಗ ಎಸೆದರು, ಗಂಡಸರು ಅದನ್ನು ಹಿಡಿದು ದಾಟಿದರು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ. ಜೋಳದ ಚೀಲ ಹೋಯಿತು, ಕೋಳಿಗಳು ಹೋದವು, ಅವ್ವ ಕಟ್ಟಿದ ಬುತ್ತಿ ಹೋಯಿತು. ನಾನು ಏಣಿಯನ್ನು ಅವುಚಿಕೊಂಡು ಬಿಟ್ಟಿರಲೇ ಇಲ್ಲ. ಕಡೆಗೆ ಮುದುಕ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಬೆನ್ನ ಮೇಲೆ ಹಾಕಿಕೊಂಡು ದಾಟಿಸಿದ. ಅವನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ನನ್ನ ಬಾಯಿ ಅವನ ಕಿವಿಯ ಪಕ್ಕದಲ್ಲೇ ಇತ್ತು. ಹೇಳಬಹುದಿತ್ತು.

ದಂಡೆಗೆ ಬಂದ ಮೇಲೆ ಅವನು ಕೇಳಿದ, "ಯಾರಪಾ ಕೂಗಿದ್ದು?"

"ಯಾರಂದ್ರ?" ಚಾಚಾ ತೊಯ್ದ ಟೊಪ್ಪಿಗೆ ಹಿಂಡುತ್ತಿದ್ದ. "ನೀನ ಕೂಗಿದಿ. ಮೂರು ಸಲ. ನಾನೇನು ಹುಚ್ಚನಾ ಬಿಡಾಕ?"

"ನಾನಾ?"

"ಕೂಗಿದಿ ಯಪ್ಪಾ," ಎಂದಳು ಕೂಸಿನ ತಾಯಿ, ಮೆತ್ತಗೆ. "ನಾನೂ ಕೇಳೀನಿ."

"ನಾ ಎತ್ತು ಹಿಡ್ಕೊಂಡು ನಿಂತಿದ್ದೆ."

"ಹಿಡ್ಕೊಂಡ ಕೂಗಿರ್ತಿ," ಎಂದ ಜೋಳದ ಚೀಲ ಕಳೆದುಕೊಂಡವನು. "ಮೋಟಾರಿನ್ಯಾಗ ಇದ್ದಾವ್ರು ಎಲ್ಲಾರೂ ಕೇಳೀವಿ."

ಮಸ್ಕಿ ಕಡೆಯ ದಂಡೆಯ ಗಾಡಿಯವರಿಗೂ ಕೂಗು ಕೇಳಿತ್ತು, ಆದರೆ ಅದು ಎಲ್ಲಿಂದ ಬಂತೆಂದು ಎತ್ತಿನ ಗಲಾಟೆಯಲ್ಲಿ ಯಾರೂ ನೋಡಿರಲಿಲ್ಲ. ಮುತ್ಯಾ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಡೆಗೆ ನನ್ನ ಕಡೆ ತಿರುಗಿದ. "ತಮ್ಮಾ, ನೀ ಹೊರಗ ಇದ್ದಿ. ನಿನಗ ಕೇಳಿಸ್ತೇನು?"

ನಲವತ್ತು ಮಂದಿಯ ದನಿ ತೆಗೆಯುವ ಬಾಯಿ ನನ್ನದು. "ಕೇಳಿಸ್ತು ಮುತ್ಯಾ," ಎಂದೆ.

ಅವನು ತಲೆ ಆಡಿಸಿ ಚಪ್ಪರದ ಕಂಬಕ್ಕೆ ಒರಗಿ ಕುಳಿತ. ಅಕ್ಕ ತೊಯ್ದವರಿಗೆಲ್ಲ ಬಿಸಿಬಿಸಿ ಮಿರ್ಚಿ ಕೊಟ್ಟಳು. ನನಗೂ ಕೊಟ್ಟಳು. ತಿಂದೆ. ಎರಡು ತಿಂದೆ.

ಮೋಟಾರನ್ನು ಎತ್ತುಗಳಿಂದ ಎಳೆಸಿ, ಕೆಸರು ತೆಗೆದು, ಓಡುವ ಹಾಗೆ ಮಾಡಲು ಒಂದು ವಾರ ಹಿಡಿಯಿತು. ಮಾಲಕರು ಮುತ್ಯಾನನ್ನು ಹಳ್ಳದಿಂದ ತೆಗೆದು, ಕೆಂಪು ಬಟ್ಟೆ ಕಟ್ಟಿದ ಕೋಲು ಕೊಟ್ಟು ಬೇರೊಬ್ಬನನ್ನು ನಿಲ್ಲಿಸಿದರು. ಆ ಆಸಾಮಿ ನೀರಿಗೆ ಅಂಜುತ್ತಿದ್ದ. ಮಳೆ ಇಲ್ಲದ ದಿನವೂ ಬಟ್ಟೆ ಬೀಸುತ್ತ, ಮಳೆ ಬಂದ ದಿನ ಚಪ್ಪರದಲ್ಲಿ ಕುಳಿತು ಬೀಡಿ ಸೇದುತ್ತಿದ್ದ. ಚಾಚಾ ಎರಡು ಸಲ ಸಿಂಧನೂರಿಗೆ ವಾಪಸು ಹೊಡೆದ.

ಮುತ್ಯಾ ಅದೇ ಚಪ್ಪರದಲ್ಲಿ, ಅದೇ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದ. ಮೋಟಾರು ಬಿದ್ದ ಮೇಲಿನ ಎರಡನೆಯ ಶನಿವಾರ ನಾನು ಮಾತಾಡಿಸಿದೆ, ತಲೆ ಆಡಿಸಿದ. ಮೂರನೆಯ ಶನಿವಾರ ಮಾತಾಡಿಸಿದೆ, ತಲೆ ಆಡಿಸಿದ. ತಲೆಯ ರುಮಾಲಿನ ಚುಂಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದ.

"ಹಲ್ಲು ಬ್ಯಾನೀ ಏನಕ್ಕಾ?" ಎಂದು ಕೇಳಿದೆ.

ಅಕ್ಕ ಸೌಟನ್ನು ಎಣ್ಣೆಯಲ್ಲಿ ಬಿಟ್ಟು ನನ್ನನ್ನು ಬದಿಗೆ ಕರೆದಳು. "ಹಲ್ಲಲ್ಲರೀ. ಬಾಯಿ ತೆರದ್ರ ಏನ್ ಬರತೈತೋ ಅಂತ ಅಂಜಾಕತ್ಯಾನ. ಮನ್ಯಾಗ ಆಡು ಕರಿಯೋದು ಬಿಟ್ಟಾನ. ದಿನಾ ಸಂಜಿಕ ಕೇಳ್ತಾನ, ಇವತ್ತ ನಾ ಕೂಗಿದ್ನೇನವ್ವಾ ಅಂತ. ಇಲ್ಲಪ್ಪಾ ಅಂದ್ರ ನಂಬೂದಿಲ್ಲ. ನೀ ನನ್ನ ಮಗಳು, ಮುಚ್ಚಿಡ್ತಿ ಅಂತಾನ." ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು, "ನೀವು ಓದಿದಾವ್ರು. ವಯಸ್ಸಾದ್ರ ಹಿಂಗ ಆಗತೈತೇನ್ರೀ? ತನಗ ಗೊತ್ತಿಲ್ದ ಕೂಗೂದು?"

"ಆಗತೈತಂತ ಅಕ್ಕಾ, ಕೆಲವ್ರಿಗೆ," ಎಂದೆ.

ಈ ಮಾತನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಮೊದಲ ಸುಳ್ಳು ಹೆದರಿಕೆಯಿಂದ ಬಂತು. ಇದು ಯಾಕೆ ಬಂತು? ಅವಳಿಗೆ ಸಮಾಧಾನ ಹೇಳುತ್ತಿದ್ದೇನೆ ಅಂತ ಆಗ ಅಂದುಕೊಂಡೆ. ಸಮಾಧಾನ ನನಗೆ ಬೇಕಿತ್ತು. ಮುದುಕನಿಗೆ ನಿಜವಾಗಿ ಅರಳುಮರಳು ಹಿಡಿದಿದ್ದರೆ ನನ್ನ ಪಾಲು ಕಡಿಮೆಯಾಗುತ್ತಿತ್ತು.

ಮೋಟಾರಿನಲ್ಲಿ ಯಾರ ದನಿಯನ್ನೂ ತೆಗೆಯುವುದನ್ನು ನಿಲ್ಲಿಸಿದೆ. "ಮುನ್ಷಿ ಗಂಟಲು ಹಳ್ಳದ ನೀರು ಕುಡದೈತಿ," ಎಂದು ಜನ ನಕ್ಕರು. ನಾಲ್ಕನೆಯ ಶನಿವಾರ ಚಾಚಾನ ಪಕ್ಕದಲ್ಲಿ ಕುಳಿತು ಹೇಳಿಬಿಡಬೇಕೆಂದು ಹೊರಟೆ. ಗಂಟಲು ಸರಿಮಾಡಿಕೊಂಡೆ, ಪೇಷ್ಕಾರರ ಹಾಗೇ ಕೇಳಿಸಿತು. ಅಷ್ಟರಲ್ಲಿ ಅವನೇ ಶುರುಮಾಡಿದ. "ಆ ಮುದುಕ ನನ್ನ ಲೈಸೆನ್ಸ್ ತಿಂತಿದ್ದ ನೋಡು. ನನ್ನ ಮನ್ಯಾಗ ಏಳು ಮಂದಿ ಅದಾರ. ಅಂವ ಮುದುಕ ಅಂತ ಬಿಟ್ಟೀನಿ. ಬ್ಯಾರೆ ಯಾವನಾರ ಆಗಿದ್ರ ಅದ ಹಳ್ಳದಾಗ ಮುಳುಗಿಸ್ತಿದ್ದೆ." ನಾನು ಸರಿಮಾಡಿಕೊಂಡ ಗಂಟಲನ್ನು ಹಾಗೇ ನುಂಗಿದೆ.

ಐದನೆಯ ಶನಿವಾರ ಮಾಲಕರೇ ಸಿಂಧನೂರಿನಿಂದ ನಮ್ಮ ಜೊತೆ ಮೋಟಾರಿನಲ್ಲಿ ಬಂದರು. ಮೋಟಾರು ಯಾಕೆ ಬಿತ್ತು ಎಂದು ಕೇಳಿ ಸರಕಾರದ ಕಾಗದ ಬಂದಿತ್ತು. ತಪ್ಪು ಡ್ರೈವರನದಲ್ಲ ಎಂದು ತೋರಿಸದಿದ್ದರೆ ಮೋಟಾರು ನಿಲ್ಲುತ್ತದೆ. ಅದಕ್ಕೆ ಮುದುಕನಿಂದ ಒಂದು ಮುಚ್ಚಳಿಕೆ ಬೇಕು. ತಾನೇ ತಪ್ಪಿ ಕೂಗಿದೆ, ಇನ್ನು ಮುಂದೆ ಹಳ್ಳದ ದಾರಿಯಲ್ಲಿ ಬಾಯಿ ಹಾಕುವುದಿಲ್ಲ, ಎಂದು ಬರೆದು ಹೆಬ್ಬೆಟ್ಟು ಒತ್ತಬೇಕು. ಅಂದು ನೀರು ಕಡಿಮೆ ಇತ್ತು, ದಾಟಿದೆವು. ಚಪ್ಪರದ ಮುಂದೆ ಮೋಟಾರು ನಿಂತಿತು.

"ಉರ್ದು ಬರ್ಯಾವ್ರು ಯಾರದಾರ?" ಎಂದರು ಮಾಲಕರು.

"ನಮ್ಮ ಮುನ್ಷಿ ಅದಾನಲ್ರೀ ಸಾವ್ಕಾರ್ರ," ಎಂದ ಚಾಚಾ. "ಕಚೇರಿ ಬರವಣಿಗಿ. ಮುತ್ತು."

ಒಂದು ಹಲಗೆ ತಂದು ತೊಡೆಯ ಮೇಲೆ ಇಟ್ಟರು. ಕಾಗದ ಬಂತು, ಮಸಿ ಬಂತು. ಮುತ್ಯಾ ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. ಬಾಯಿಯ ಮೇಲಿನ ಬಟ್ಟೆಯನ್ನು ಅವತ್ತು ತೆಗೆದಿದ್ದ.

"ನೋಡಪಾ ಮುತ್ಯಾ," ಮಾಲಕರು ಕೆಟ್ಟವರಲ್ಲ, ದನಿ ಇಳಿಸಿಯೇ ಹೇಳಿದರು, "ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ವಯಸ್ಸು ಯಾರನ್ನ ಬಿಟ್ಟೈತಿ?"

"ಬರೀರಿ," ಎಂದ ಮುತ್ಯಾ. ಐದು ವಾರದ ಮೇಲೆ ಅವನ ದನಿ ಕೇಳಿದೆ. ಹೊಟ್ಟೆಯಿಂದಲ್ಲ, ಮೂಗಿನಿಂದಲ್ಲ, ಹಲ್ಲಿನ ತುದಿಯಿಂದ ಬಂದ ದನಿ. "ಅಷ್ಟು ಮಂದಿ ಸುಳ್ಳು ಹೇಳ್ತಾರೇನು? ನಾನ ಕೂಗಿರಬೇಕು. ನೆಪ್ಪಿಲ್ಲ, ಅಷ್ಟ. ಕೂಸು ಇತ್ತು ಅದರಾಗ."

ಬರೆದೆ. ಸರಕಾರಿ ಕಾಗದಕ್ಕೆ ಒಂದು ಠೀವಿ ಇರುತ್ತದೆ, ಯಾರ ಬಾಳನ್ನಾದರೂ ಅದು ಇಸ್ತ್ರಿ ಮಾಡಿದ ಹಾಗೆ ಹೇಳುತ್ತದೆ. ನನ್ನ ಬುದ್ಧಿ ಸ್ಥಿಮಿತದಲ್ಲಿ ಇಲ್ಲದ ಕಾರಣ ಎಂಬಲ್ಲಿಯವರೆಗೆ ಬಂದೆ. ಅಕ್ಷರ ಚೆನ್ನಾಗಿಯೇ ಬೀಳುತ್ತಿದ್ದವು. ಅಕ್ಕ ಒಲೆಯ ಮುಂದೆ ಸೌಟು ಹಿಡಿದು ಹಾಗೇ ನಿಂತಿದ್ದಳು, ಎಣ್ಣೆಯಲ್ಲಿ ಮಿರ್ಚಿ ಕಪ್ಪಾಗುತ್ತಿದ್ದರೂ ತೆಗೆಯಲಿಲ್ಲ. ಮುತ್ಯಾ ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದ. ಇನ್ನೂ ಬರೆದು ಮುಗಿದಿರಲಿಲ್ಲ. ಮೊದಲೇ ಚಾಚಿದ.

ಹಲಗೆ ಕೆಳಗಿಟ್ಟು ಎದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಆ ಕೂಗು. ಹೊಟ್ಟೆಯಿಂದ ಒಂದು. ಮೂಗಿನಿಂದ ಒಂದು. ಮೂರನೆ ಸಲ ನನ್ನ ದನಿ ಒಡೆಯಿತು, ಆದರೂ ಬಾಗು ಬಂತು.

ಚಾಚಾ ಕಟ್ಟೆಯಿಂದ ಅರ್ಧ ಎದ್ದು ಕೈಯನ್ನು ಗೇರು ಹಿಡಿಯುವ ಹಾಗೆ ಚಾಚಿದ್ದ, ಅಲ್ಲಿ ಸಿಕ್ಕಿದ್ದು ಬರೀ ಗಾಳಿ. ಸಿಂಧನೂರು ಕಡೆಯ ದಂಡೆಯಲ್ಲಿ ನಿಂತಿದ್ದ ಗಾಡಿಯೊಂದು ಕೂಗು ಕೇಳಿ ನೀರಿಗೆ ಇಳಿಯಿತು. ಮುತ್ಯಾ ಮಾತ್ರ ತನ್ನ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ತುಟಿ ಮುಚ್ಚಿದ್ದವು. ಇನ್ನೊಂದು ಸಲ ಮುಟ್ಟಿ ನೋಡಿಕೊಂಡ.

"ಅವತ್ತ ನಾನು," ಎಂದೆ. "ಜಾಲಿ ಹಿಂದ ನಿಂತು. ಮಿರ್ಚಿ ತಿನ್ನೂ ಆಸೆಕ."

ಮೊದಲು ಮಾತಾಡಿದವಳು ಅಕ್ಕ. ಬೈಯಲಿಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. "ಐದು ವಾರ ನಮ್ಮಪ್ಪ ಬಾಯಿ ಮುಚ್ಕೊಂಡು ಕುಂತಾನ. ಐದು ವಾರ ನೀವು ಬಂದು ಬಂದು ಮಿರ್ಚಿ ತಿಂದು ಹೋಗೀರಿ. ಆಗತೈತಂತ ಅಕ್ಕಾ, ಅಂದಿದ್ರಿ."

ಚಾಚಾ ನನ್ನ ಅಂಗಿಯ ಕೊರಳು ಹಿಡಿದ. ಮಾಲಕರು ಬಿಡಿಸಿ, ಕಾಗದವನ್ನು ಎರಡು ತುಂಡು ಮಾಡಿ ಒಲೆಗೆ ಹಾಕಿದರು. ಸರಕಾರಕ್ಕೆ ನನ್ನ ಹೆಸರಿನಲ್ಲಿ ಬೇರೆ ಮುಚ್ಚಳಿಕೆ ಬರೆಯಬೇಕೆಂದೂ ಅದನ್ನು ನನ್ನ ಪೇಷ್ಕಾರರ ಕೈಯಿಂದಲೇ ಕಳಿಸಬೇಕೆಂದೂ ಹೇಳಿದರು. ಒಪ್ಪಿದೆ. ಮುತ್ಯಾನ ಕಾಲು ಮುಟ್ಟಲು ಬಗ್ಗಿದರೆ ಅವನು ಕಾಲು ಹಿಂದೆ ಎಳೆದುಕೊಂಡ. "ಹೊಡೀ ಮುತ್ಯಾ," ಎಂದೆ. ಹೊಡೆಯಲಿಲ್ಲ.

"ಇವತ್ತಿಂದ ನೀನ ಕೂಗು ಮುತ್ಯಾ," ಎಂದರು ಮಾಲಕರು. "ಆ ಕೆಂಪು ಬಟ್ಟಿ ಬ್ಯಾಡ."

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚಾಚಾ ತಲೆ ಅಲ್ಲಾಡಿಸಿದ. "ಕೂಗ್ಲಿ ಸಾವ್ಕಾರ್ರ. ಆದ್ರ ನಾ ಹೆಂಗ ಬಿಡ್ಲಿ? ದಿಬ್ಬದ ಮ್ಯಾಲ ನನಗ ಕಿವಿ ಬಿಟ್ರ ಬ್ಯಾರೆ ಏನೈತಿ? ಈಗ ನೀವೂ ಕೇಳಿದ್ರಲ್ಲ, ಇಬ್ರದೂ ಒಂದ. ಇವತ್ತ ಇಂವ. ನಾಳೆ ಇವನ್ನ ನೋಡಿ ಕಲ್ತಾಂವ ಇನ್ನೊಬ್ಬ. ಕೂಸು ಬಾಣಂತಿ ತುಂಬ್ಕೊಂಡು ಆ ಕೂಗು ನಂಬಿ ನಾ ಬಿಡಾಂಗಿಲ್ಲ."

ಗಾಡಿಯವರೂ ಹೌದು ಹೌದು ಎಂದರು. ಆಗ ನನಗೆ ಗೊತ್ತಾಯಿತು, ತಪ್ಪು ಒಪ್ಪಿಕೊಂಡು ನಾನು ಮುದುಕನಿಗೆ ಅವನ ಬುದ್ಧಿಯನ್ನು ವಾಪಸು ಕೊಟ್ಟಿದ್ದೆ, ಅವನ ಕೆಲಸವನ್ನು ಅದೇ ಉಸಿರಿನಲ್ಲಿ ಕಿತ್ತುಕೊಂಡಿದ್ದೆ. ಅವನ ಕೂಗನ್ನು ಇನ್ನು ಯಾರೂ ನಂಬುವ ಹಾಗಿಲ್ಲ, ಯಾಕೆಂದರೆ ಅದು ನನ್ನ ಬಾಯಲ್ಲೂ ಇದೆ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಮುತ್ಯಾ ಕಂಬ ಹಿಡಿದು ಎದ್ದ. ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡ, ಧೋತರ ಮೇಲಕ್ಕೆ ಕಟ್ಟಿದ. ಚಾಚಾನ ಮುಂದೆ ನಿಂತು, ಕಣ್ಣು ಮಾತ್ರ ನನ್ನ ಮೇಲೆ ಇಟ್ಟು, ಐದು ವಾರದ ಹಿಂದಿನ ಆ ಹೊಟ್ಟೆಯ ದನಿಯಲ್ಲಿ ಹೇಳಿದ:

"ದನಿ ನಂಬಬ್ಯಾಡಪಾ. ಕೂಗಿದಾವನ್ನ ಕರ್ದು ಮೊಳಕಾಲು ನೋಡು. ತೊಯ್ದಿದ್ರ ನಾನು, ಒಣಗಿದ್ರ ಈ ಮುನ್ಷಿ."